ಮೀಟರಕ್ಕ ಮತ್ತು ಅರ್ಧಕ್ಕೇ ನಿಲ್ಲುತ್ತಿದ್ದ ಹಾಡು

ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದ ದಿನ ಎಲ್ಲರೂ ತಮ್ಮ ಕುರ್ಚಿಯ ದಿಂಬು, ಟೀ ಕುಡಿಯುವ ಲೋಟ, ಗೋಡೆಯ ಕ್ಯಾಲೆಂಡರು ಎತ್ತಿಕೊಂಡು ಮನೆಗೆ ಹೋದರು. ಮೀಟರಕ್ಕ ಮಾತ್ರ ಸಾಹೇಬರ ಕೋಣೆಗೆ ಹೋಗಿ, "ಸರ್, ಆ ಹಳೇ ಮೀಟರ್ ನಾನು ತಗೊಂಡು ಹೋಗ್ಲಾ?" ಎಂದು ಕೇಳಿದಳು. ಹತ್ತೊಂಬತ್ತು ವರ್ಷ ಅವಳು ಆ ಮೀಟರಿನ ಕೆಂಪು ಕಡ್ಡಿ, ಕಪ್ಪು ಕಡ್ಡಿ ಹಿಡಿದುಕೊಂಡು ಊರಿನ ಯಾವ ಮನೆಯ ಫೋನು ಯಾಕೆ ಕರಕರ ಅನ್ನುತ್ತಿದೆ ಎಂದು ಪತ್ತೆ ಹಚ್ಚುತ್ತಿದ್ದಳು. ಅಕ್ಕಪಕ್ಕದವರು ಇಟ್ಟ 'ಮೀಟರಕ್ಕ' ಎಂಬ ಹೆಸರೇ ಕೊನೆಗೆ ಹಾಜರಿ ಪುಸ್ತಕದವರೆಗೂ ಹೋಗಿತ್ತು.

ಸಾಹೇಬರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿನ್ನ ಬಿಟ್ಟು ಅದನ್ನ ನಾನು ಒಂದು ದಿನಾನೂ ನೋಡಿಲ್ಲ. ತಗೊಂಡು ಹೋಗಮ್ಮ" ಎಂದರು.

ಮನೆಯಲ್ಲಿ ಹದಿನೈದು ದಿನ ಕೂತದ್ದೇ ತಡ, ಅವಳಿಗೆ ಕೈ ಕಟ್ಟಿಹಾಕಿದಂತಾಯಿತು. ಫ್ರಿಜ್ಜಿನ ಪ್ಲಗ್ಗು, ಕಾಲಿಂಗ್ ಬೆಲ್ಲು, ಗಂಡನ ಹೊಲಿಗೆ ಯಂತ್ರದ ಮೋಟಾರು, ಎಲ್ಲಕ್ಕೂ ಕಡ್ಡಿ ಇಟ್ಟು ನೋಡಿದ್ದಾಯಿತು. "ಇನ್ನು ನನಗೊಬ್ಬನಿಗೆ ಇಟ್ಟು ನೋಡೋದು ಬಾಕಿ" ಎಂದ ಗಂಡ. ಅವನು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಮಾಷೆ ಮಾಡುವುದು ಅವನ ಅಭ್ಯಾಸ.

ಅಷ್ಟರಲ್ಲಿ ಅಕ್ಕನ ಗಂಡ, ಅವಳ ಭಾವ, ತಮ್ಮ ಗ್ಯಾರೇಜಿಗೆ ಕರೆದರು. ಫೋನ್ ಬಂದರೆ ಎತ್ತಿ ಮಾತಾಡಲು ಯಾರಾದರೂ ಬೇಕಿತ್ತು. ಅಲ್ಲಿ ಒಂದು ಕಾರು ಎರಡು ದಿನದಿಂದ ನಿಂತಿತ್ತು. ಎಡಕ್ಕೆ ತಿರುಗುವ ದೀಪ ಹಾಕಿದರೆ ಹಾರನ್ ಹೊಡೆಯುತ್ತಿತ್ತು, ಹಾರನ್ ಒತ್ತಿದರೆ ಸುಮ್ಮನಿರುತ್ತಿತ್ತು. ಮೂವರು ಮೆಕ್ಯಾನಿಕ್ಕರು ಸೇರಿ ಡ್ಯಾಶ್‌ಬೋರ್ಡನ್ನೆಲ್ಲ ಬಿಚ್ಚಿ ಹರಡಿದ್ದರು. ಮೀಟರಕ್ಕ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ತನ್ನ ಚೀಲದಿಂದ ಮೀಟರ್ ತೆಗೆದಳು. ಅವರೆಲ್ಲ ಕೈ ತೊಳೆದು ಬರುವಷ್ಟರಲ್ಲಿ ಹಾರನ್ ತನ್ನ ಪಾಡಿಗೆ ತಾನಿತ್ತು, ದೀಪ ತನ್ನ ಪಾಡಿಗೆ ತಾನು.

ಭಾವ ಹಾರನ್ ಒಂದು ಸಲ, ದೀಪ ಒಂದು ಸಲ ಹಾಕಿ ನೋಡಿದರು. ಆಮೇಲೆ, "ನಾಳೆಯಿಂದ ಫೋನ್ ನಾನೇ ಎತ್ಕೋತೀನಿ" ಎಂದರು.

ಮೂರು ವರ್ಷ ಭಾವನ ಗ್ಯಾರೇಜಿನಲ್ಲಿ ಕೆಲಸ ಮಾಡಿದ ಮೇಲೆ ಅವಳು ಗಂಡನ ಅಂಗಡಿಯ ಅರ್ಧ ಜಾಗ ಹಿಡಿದಳು. ಒಂದು ಕಡೆ ನೂಲಿನ ಉಂಡೆ, ಒಂದು ಕಡೆ ವೈರಿನ ಸುರುಳಿ. ಗಿರಾಕಿಗಳು ಕೆಲವೊಮ್ಮೆ ತಪ್ಪು ಮೇಜಿಗೆ ಬಂದು, ಪ್ಯಾಂಟಿನ ಜಿಪ್ ಕೆಟ್ಟಿದೆ ಎಂದು ಅವಳಿಗೂ ಬ್ಯಾಟರಿ ಇಳಿಯುತ್ತಿದೆ ಎಂದು ಅವನಿಗೂ ಹೇಳುತ್ತಿದ್ದರು. ಅಂಗಡಿಯ ಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ. ಪಕ್ಕದ ಬಾಗಿಲಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಗೋಡೆ ಒಂದೇ ಆದ್ದರಿಂದ ಅಲ್ಲಿ ಹಲ್ಲು ಕೊರೆಯುವ ಸದ್ದು ಇಲ್ಲಿಗೂ, ಇಲ್ಲಿ ಹಾರನ್ ಸದ್ದು ಅಲ್ಲಿಗೂ ಹೋಗುತ್ತಿತ್ತು. ಈ ವಿಷಯದಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ಸಹಿಸಿಕೊಂಡು ಹೋಗುತ್ತಿದ್ದರು.

ಒಂದು ಸೋಮವಾರ ಬೆಳಗ್ಗೆ ಅಂಗಡಿಯ ಮುಂದೆ ಹಳದಿ ಬಣ್ಣದ ಹಳೆಯ ಕಾರೊಂದು ಬಂದು ನಿಂತಿತು. ಇಳಿದವರು ಡ್ರಿಲ್ ಟೀಚರ್. ಶಾಲೆಯಿಂದ ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ಹಾಗೇ ಇತ್ತು. ವಾರದಲ್ಲಿ ಐದು ದಿನ ಬೆಳಗ್ಗೆ ಅವರು ಊರಾಚೆಯ ಆಟದ ಮೈದಾನದಲ್ಲಿ ಅರವತ್ತು ದಾಟಿದವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. ಮೈದಾನದಲ್ಲಿ ಕರೆಂಟಿನ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಕಾರಿನ ಡಿಕ್ಕಿಯಲ್ಲಿ ದೊಡ್ಡ ಸ್ಪೀಕರು, ಆಂಪ್ಲಿಫೈಯರು ಕೂರಿಸಿ, ಡಿಕ್ಕಿ ತೆರೆದು ಹಾಡು ಹಾಕುತ್ತಿದ್ದರು. ಮೂವತ್ತನಾಲ್ಕು ಜನ ಹಾಡಿನ ತಾಳಕ್ಕೆ ಕೈಕಾಲು ಆಡಿಸುತ್ತಿದ್ದರು.

"ತೊಂದರೆ ಏನು ಹೇಳಿ ಟೀಚರ್."

"ಹಾಡು ಮಧ್ಯದಲ್ಲೇ ನಿಂತುಹೋಗುತ್ತೆ ಕಣ್ರೀ. ಡೋಲು ಜೋರಾಗಿ ಬಡಿದ ಕೂಡ್ಲೇ ಕಾರಿನ ದೀಪ ಮಂಕಾಗುತ್ತೆ, ಇನ್ನೆರಡು ಏಟಿಗೆ ಪೂರ್ತಿ ಬಂದ್. ಅದೂ ಸರಿಯಾಗಿ ಎಲ್ಲರೂ ಒಂದು ಕಾಲು ಎತ್ತಿದಾಗ. ಹಾಡು ಮುಂದುವರಿದ್ರೆ ತಾನೇ ಕಾಲು ಇಳಿಸೋದು? ನನ್ನ ಪೋಸ್ಟ್‌ಮಾಸ್ಟರ್ ಇದ್ದಾರಲ್ಲ, ಶಿಸ್ತಿನ ಮನುಷ್ಯ, ನಾನು ಹೇಳೋವರೆಗೂ ಇಳಿಸಲ್ಲ. ಮೊನ್ನೆ ಅವರು ಕೊಕ್ಕರೆ ಹಾಗೆ ನಿಂತು ನಿಂತು ಪಕ್ಕದವರ ಮೇಲೆ ಒರಗಿದ್ರು. ಆ ಸಾಲಲ್ಲಿ ಏಳು ಜನ ಒಬ್ಬರ ಮೇಲೊಬ್ಬರು ಬಿದ್ರು."

"ಯಾರಿಗೂ ಪೆಟ್ಟಾಗಲಿಲ್ಲ ತಾನೇ?"

"ಹುಲ್ಲಿತ್ತು, ಏನೂ ಆಗಲಿಲ್ಲ. ನಕ್ಕೂ ನಕ್ಕೂ ಹೊಟ್ಟೆ ನೋಯಿಸ್ಕೊಂಡ್ರು ಅಷ್ಟೆ. ಆದರೆ ಬರೋ ಶನಿವಾರ ಶಾಲೆಯ ಆಟೋಟದ ದಿನ ನಮ್ಮ ಪ್ರದರ್ಶನ ಇದೆ. ಮೊಮ್ಮಕ್ಕಳೆಲ್ಲ ಕೂತು ನೋಡ್ತಾರೆ. ಅವತ್ತು ಹೀಗಾದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ?"

ಟೀಚರ್ ಇದಕ್ಕಾಗಿ ಆಗಲೇ ಪೇಟೆಯ ಸೌಂಡ್ ಅಂಗಡಿಗೆ ಮೂರು ಸಲ ಹೋಗಿ ಬಂದಿದ್ದರು. ಅಲ್ಲಿಯವರು ಮೊದಲು ಬ್ಯಾಟರಿ ಬದಲಾಯಿಸಿದ್ದರು. ಆಮೇಲೆ ಆಂಪ್ಲಿಫೈಯರ್ ಬದಲಾಯಿಸಿದ್ದರು. ಕೊನೆಗೆ ಬೆಳ್ಳಿ ಬಣ್ಣದ, ನೀರಿನ ಬಾಟಲಿಯಷ್ಟು ದಪ್ಪದ, ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬುದನ್ನು ಡಿಕ್ಕಿಯಲ್ಲಿ ಕೂರಿಸಿದ್ದರು. ಅದರ ಮೇಲೆ ನೀಲಿ ಅಂಕಿಗಳು ಹೊಳೆಯುತ್ತಿದ್ದವು. "ಇದು ಬಂದ ಮೇಲೆ ಹಾಡು ನಿಲ್ಲೋದು ನಿಲ್ಲಲಿಲ್ಲ. ನಿಲ್ಲೋವಾಗ ಅಂಕಿ ಎಷ್ಟಿತ್ತು ಅಂತ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ" ಎಂದರು ಟೀಚರ್.

ಮೀಟರಕ್ಕ ಬಾನೆಟ್ ಎತ್ತಿ ಬ್ಯಾಟರಿಗೆ ಕಡ್ಡಿ ಇಟ್ಟಳು. ಹನ್ನೆರಡೂವರೆ ವೋಲ್ಟು. ಎಂಜಿನ್ ಚಾಲೂ ಮಾಡಿಸಿದಳು. ಹದಿನಾಲ್ಕು ದಾಟಿತು. "ಬ್ಯಾಟರಿ ಗಟ್ಟಿಮುಟ್ಟಾಗಿದೆ. ಈಗ ಹಾಡು ಹಾಕಿ" ಎಂದಳು.

ಟೀಚರ್ ಮೈದಾನದ ಲೆಕ್ಕದಲ್ಲೇ ಹಾಡು ಹಾಕಿದರು. ಅಂಗಡಿಯ ಗಾಜು ಗಡಗಡ ನಡುಗಿತು. ದರ್ಜಿಯ ಬಾಯಿಂದ ಸೂಜಿ ಉದುರಿತು. ಕಾರಿನ ದೀಪ ಎರಡು ಸಲ ಮಂಕಾಗಿ, ಹಾಡು ಕತ್ತರಿಸಿದಂತೆ ನಿಂತಿತು. ಆ ಮೌನದಲ್ಲಿ ಪಕ್ಕದ ಬಾಗಿಲು ತೆರೆದು, ಮುಖಕ್ಕೆ ಮಾಸ್ಕ್ ಹಾಕಿದ್ದ ಹಲ್ಲಿನ ಡಾಕ್ಟರು ಹೊರಗೆ ಬಂದರು.

"ಮೀಟರಕ್ಕ, ನನ್ನ ಕುರ್ಚಿಯಲ್ಲಿ ಒಬ್ಬರು ಬಾಯಿ ತೆಗೆದುಕೊಂಡು ಕೂತಿದ್ದಾರೆ. ನನ್ನ ಕೈಯಲ್ಲಿ ಕೊರೆಯೋ ಯಂತ್ರ ಇದೆ. ಇಷ್ಟು ಹೇಳಿದ್ರೆ ಸಾಕಲ್ವಾ?"

"ಸಾಕು ಡಾಕ್ಟ್ರೇ, ಕ್ಷಮಿಸಿ. ಇನ್ನು ಸಣ್ಣಗೆ ಹಾಕ್ತೀವಿ."

ಹಾಡನ್ನು ಪಿಸುಮಾತಿಗಿಂತ ಸ್ವಲ್ಪ ಮೇಲೆ ಇಟ್ಟುಕೊಂಡು ಕೆಲಸ ಮುಂದುವರಿಸಿದಳು. ಉದ್ದದ ವೈರು ಕಟ್ಟಿದ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೂ, ಕಪ್ಪು ಕಡ್ಡಿಯನ್ನು ಡಿಕ್ಕಿಯಲ್ಲಿದ್ದ ಆಂಪ್ಲಿಫೈಯರಿನ ಪ್ಲಸ್ಸಿಗೂ ಇಟ್ಟಳು. ದಾರಿಯಲ್ಲಿ ಎಷ್ಟು ಸೋರಿಹೋಗುತ್ತಿದೆ ಎಂಬುದನ್ನು ಮೀಟರ್ ನೇರವಾಗಿ ತೋರಿಸುತ್ತದೆ. ಬಹಳ ಕಡಿಮೆ, ಗಣನೆಗೆ ಬಾರದಷ್ಟು. ಆಮೇಲೆ ಮೈನಸ್ಸಿನಿಂದ ಮೈನಸ್ಸಿಗೆ. ಅಲ್ಲಿ ಮೀಟರ್ ಒಂದು ವೋಲ್ಟು ದಾಟಿ ಕುಣಿಯತೊಡಗಿತು.

"ಸಿಕ್ಕಿತು. ಹೋಗೋ ದಾರಿ ಚೆನ್ನಾಗಿದೆ, ವಾಪಸ್ ಬರೋ ದಾರಿ ಕೆಟ್ಟಿದೆ."

"ಕರೆಂಟು ವಾಪಸ್ ಬೇರೆ ಬರುತ್ತಾ?"

"ಬರದೇ ಇರುತ್ತಾ? ನಿಮ್ಮ ಮೂವತ್ತನಾಲ್ಕು ಜನ ಮೈದಾನಕ್ಕೆ ಒಂದು ಗೇಟಲ್ಲಿ ಬಂದು ಇನ್ನೊಂದು ಗೇಟಲ್ಲಿ ಹೋಗ್ತಾರೆ ಅನ್ಕೊಳ್ಳಿ. ಹೊರಗೆ ಹೋಗೋ ಗೇಟು ಅರ್ಧ ಮುಚ್ಚಿದ್ರೆ ಒಳಗೆ ಬರೋರೂ ನಿಂತುಬಿಡ್ತಾರೆ. ಬ್ಯಾಟರಿಯಿಂದ ವೈರಲ್ಲಿ ಹೋದ ಕರೆಂಟು ಕಾರಿನ ಮೈ ಮೇಲೆ ಹಾದು ಬ್ಯಾಟರಿಗೆ ವಾಪಸ್ ಬರಬೇಕು. ಅದು ಸಲೀಸಾಗಿ ಬರಲಿಲ್ಲ ಅಂದ್ರೆ ಎಷ್ಟು ಹೊಸ ಬ್ಯಾಟರಿ ಹಾಕಿದ್ರೂ ಅಷ್ಟೆ."

ಟೀಚರ್ ತಲೆದೂಗಿದರು. "ಪೋಸ್ಟ್‌ಮಾಸ್ಟರು ಗೇಟಲ್ಲಿ ಮಾತಾಡ್ತಾ ನಿಂತ್ರೆ ಹೀಗೇ ಆಗೋದು. ಅರ್ಥ ಆಯ್ತು."

ಮೀಟರಕ್ಕ ಡಿಕ್ಕಿಯ ಹಾಸು ಎತ್ತಿ, ಆಂಪ್ಲಿಫೈಯರಿನ ಕಪ್ಪು ವೈರನ್ನು ಕಾರಿನ ಮೈಗೆ ಬಿಗಿದ ಬೋಲ್ಟನ್ನು ಬಿಚ್ಚಿದಳು. ಅದರ ಅಡಿಯಲ್ಲಿ ಹಳದಿ ಬಣ್ಣ ಹಾಗೇ ಇತ್ತು. ಬಣ್ಣದ ಮೇಲೆ ವೈರು ಕೂತರೆ ಕರೆಂಟು ದಾಟುವುದು ಎಲ್ಲಿಂದ? ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಲೋಹ ಕನ್ನಡಿಯಂತೆ ಹೊಳೆಯುವ ತನಕ ಬಿಡಲಿಲ್ಲ. ವೈರಿನ ತುದಿಗೆ ಹೊಸ ತಾಮ್ರದ ಬಳೆ ಒತ್ತಿ, ಬೋಲ್ಟು ಬಿಗಿದು, ಆ ಜೋಡಣೆಗೆ ಕಡ್ಡಿ ಇಟ್ಟಳು. ಸೊನ್ನೆಗೆ ಹತ್ತಿರ.

ಇನ್ನೊಂದು ಸಲ ಬ್ಯಾಟರಿಯ ಮೈನಸ್ಸಿನಿಂದ ಪೂರ್ತಿ ದಾರಿಯನ್ನು ಅಳೆಯಬೇಕಿತ್ತು. ಅವಳು ಎದ್ದು ಆ ಕಡೆ ಹೊರಟಿದ್ದಳು ಕೂಡ. ಅಷ್ಟರಲ್ಲಿ ಟೀಚರ್ ಅವಳ ಎರಡೂ ಕೈ ಹಿಡಿದುಕೊಂಡು, "ಮೂರು ಸಲ ಅಲ್ಲಿಗೆ ಅಲೆದೆ, ನೀವು ಒಂದು ಗಂಟೇಲಿ ಕಂಡುಹಿಡಿದ್ರಿ. ಪೋಸ್ಟ್‌ಮಾಸ್ಟರು ಮೊದಲೇ ಹೇಳಿದ್ರು, ಮೀಟರಕ್ಕನ ಹತ್ರ ಹೋಗಿ, ನಮ್ಮ ಮನೆ ಫೋನು ಅವರೇ ಸರಿ ಮಾಡಿದ್ದು ಅಂತ" ಎಂದು ಹೊಗಳತೊಡಗಿದರು. ದರ್ಜಿಯೂ ಎದ್ದು ಬಂದು ಅದಕ್ಕೆ ತಾಳ ಹಾಕಿದ. ಸಣ್ಣಗೆ ಹಾಡು ಹಾಕಿ ನೋಡಿದರು. ನಿಲ್ಲಲಿಲ್ಲ. ದೀಪವೂ ಮಂಕಾಗಲಿಲ್ಲ. ಮೀಟರಕ್ಕ ಕಡ್ಡಿಗಳನ್ನು ಸುತ್ತಿ ಚೀಲಕ್ಕೆ ಹಾಕಿದಳು.

"ನಾಳೆ ಬೆಳಗ್ಗೆ ಮೈದಾನಕ್ಕೆ ಬಂದು ನೀವೇ ನೋಡಬೇಕು. ಇಬ್ಬರೂ ಬರಬೇಕು" ಎಂದು ಹೇಳಿ ಟೀಚರ್ ಹೊರಟರು.

ಮಂಗಳವಾರ ಬೆಳಗ್ಗೆ ಮಂಜು ಕವಿದಿತ್ತು. ಮೀಟರಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಗಂಡನ ಜೊತೆ ಮೈದಾನಕ್ಕೆ ಹೋದಳು. ಮಂಜಿನಲ್ಲಿ ಎಲ್ಲರಿಗೂ ಕಾಣಲೆಂದು ಟೀಚರ್ ಕಾರಿನ ದೀಪ ಹಾಕಿ ನಿಲ್ಲಿಸಿದ್ದರು. ಡಿಕ್ಕಿ ತೆರೆದಿತ್ತು. ಮೂವತ್ತನಾಲ್ಕು ಜನ ನಾಲ್ಕು ಸಾಲಾಗಿ ನಿಂತಿದ್ದರು. ಮುಂದಿನ ಸಾಲಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಪೋಸ್ಟ್‌ಮಾಸ್ಟರ್ ತಾತ.

"ಇವರೇ ನಮ್ಮ ಹಾಡನ್ನ ಬದುಕಿಸಿದೋರು" ಎಂದು ಟೀಚರ್ ಪರಿಚಯ ಮಾಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಸೀಟಿ ಊದಿದರು. ಹಾಡು ಶುರುವಾಯಿತು. ಕೈ ಮೇಲೆ, ಕೈ ಕೆಳಗೆ, ಸೊಂಟ ಎಡಕ್ಕೆ, ಸೊಂಟ ಬಲಕ್ಕೆ. ಡೋಲಿನ ಭಾಗ ಬಂತು. ಎಲ್ಲರೂ ಬಲಗಾಲು ಎತ್ತಿದರು. ಕಾರಿನ ದೀಪ ಒಂದು ಸಲ ಮಂಕಾಯಿತು, ಇನ್ನೊಂದು ಸಲ ಮಂಕಾಯಿತು, ಹಾಡು ನಿಂತಿತು.

ಪೋಸ್ಟ್‌ಮಾಸ್ಟರ್ ತಾತ ಕಾಲು ಎತ್ತಿಕೊಂಡೇ ಮೀಟರಕ್ಕನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಇಳಿಸಬಹುದಾ ಅಮ್ಮ?" ಎಂದು ಕೇಳಿದರು.

ಮೀಟರಕ್ಕನ ಕಿವಿ ಬಿಸಿಯಾಯಿತು. ಹತ್ತೊಂಬತ್ತು ವರ್ಷದಲ್ಲಿ ಅವಳು ಸರಿಯಾಗಿದೆ ಎಂದು ಬರೆದು ಕೊಟ್ಟ ಲೈನು ಮತ್ತೆ ಕೆಟ್ಟಿದ್ದು ನೆನಪಿರಲಿಲ್ಲ. ಚಪ್ಪಾಳೆ ತಟ್ಟಿಸಿಕೊಂಡು ಇನ್ನೂ ಐದು ನಿಮಿಷ ಆಗಿರಲಿಲ್ಲ. ಟೀಚರ್ ಸೀಟಿ ಒರೆಸುತ್ತ ನಿಂತರು. ಅವರು ಏನಾದರೂ ಅಂದಿದ್ದರೆ ವಾಸಿ ಎನ್ನಿಸಿತು. ನೆಲದ ಕಡೆ ನೋಡುತ್ತ ನಿಂತಿದ್ದ ಅವಳಿಗೆ ನಿನ್ನೆಯ ಒಂದೊಂದೇ ಹೆಜ್ಜೆ ನೆನಪಾಯಿತು. ಕಡ್ಡಿ ಸುತ್ತಿ ಚೀಲಕ್ಕೆ ಹಾಕಿದ ಹೆಜ್ಜೆಗೆ ಬಂದು ಮನಸ್ಸು ನಿಂತಿತು.

"ಇಳಿಸಿ ತಾತ. ತಪ್ಪು ನಂದೇ" ಎಂದಳು. "ನಿನ್ನೆ ಸಣ್ಣ ಹಾಡಿಗೆ ಅಳೆದು ದೊಡ್ಡ ಹಾಡಿಗೂ ಸರಿ ಅಂದುಬಿಟ್ಟೆ. ಕೊನೇ ಸಲ ಪೂರ್ತಿ ಅಳೆಯೋದನ್ನೂ ಬಿಟ್ಟೆ. ಟೀಚರ್, ದೀಪ ಹಾಕಿದ್ದು ಹಾಗೇ ಇರಲಿ. ನನಗೆ ಇದೇ ಬೇಕು. ಹಾಡು ನಿಂತ ಕೂಡ್ಲೇ ಮತ್ತೆ ಹಾಕ್ತಾ ಇರಿ."

ಗಂಡ ಅವಳ ಕೈಚೀಲದ ಕಡೆ ನೋಡಿದ. "ಮೀಟರ್ ತಂದಿದ್ದೀಯಾ?"

"ಬಿಟ್ಟು ಬಂದಿದ್ದು ಯಾವತ್ತು ನೋಡಿದ್ದೀರಿ?"

ಅವಳು ಒದ್ದೆ ಹುಲ್ಲಿನ ಮೇಲೇ ಮಂಡಿಯೂರಿದಳು. ಇಸ್ತ್ರಿ ಹಾಳಾಗುತ್ತದೆ ಎಂದು ದರ್ಜಿ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಹಾಡು ಪೂರ್ತಿ ಜೋರಿನಲ್ಲಿ ಬಡಿಯುತ್ತಿದ್ದಾಗ ಅವಳು ಡಿಕ್ಕಿಯಿಂದ ಹಿಡಿದು ಒಂದೊಂದೇ ತುಂಡನ್ನು ಅಳೆಯುತ್ತ ಬಂದಳು. ನಿನ್ನೆ ಉಜ್ಜಿದ ಬೋಲ್ಟು ನಿಯತ್ತಾಗಿತ್ತು. ಪ್ಲಸ್ಸಿನ ವೈರು ನಿಯತ್ತಾಗಿತ್ತು. ಕೊನೆಗೆ ಬಾನೆಟ್ಟಿನ ಅಡಿ, ಬ್ಯಾಟರಿಯ ಮೈನಸ್ಸಿಗೊಂದು ಕಡ್ಡಿ, ಕಾರಿನ ಮೈಗೊಂದು ಕಡ್ಡಿ. ಡೋಲು ಬಡಿದಾಗಲೆಲ್ಲ ಮೀಟರ್ ನಾಲ್ಕು ದಾಟುತ್ತಿತ್ತು. ನಾಲ್ಕು ವೋಲ್ಟು ಒಂದು ಗೇಣುದ್ದದ ವೈರಿನಲ್ಲೇ ಕಳೆದುಹೋಗುತ್ತಿತ್ತು.

ಅದು ಬ್ಯಾಟರಿಯನ್ನು ಕಾರಿನ ಮೈಗೆ ಸೇರಿಸುವ ದಪ್ಪ ಕಪ್ಪು ವೈರು. ಕಾರಿನ ಜೊತೆಗೇ ಹುಟ್ಟಿದ್ದು. ಹೊಸ ಬ್ಯಾಟರಿ ಹಾಕಿದವರು ಅದನ್ನು ಬಿಚ್ಚಿ ಮತ್ತೆ ಹಾಗೇ ಕಟ್ಟಿದ್ದರು. ಹೊರಗಿನಿಂದ ಏನೂ ಕೊರತೆ ಕಾಣುತ್ತಿರಲಿಲ್ಲ. ಮೀಟರಕ್ಕ ಬೆರಳಿನಿಂದ ಒತ್ತಿ ನೋಡಿದಳು. ಒಂದು ಕಡೆ ಮೆತ್ತಗಿತ್ತು, ಮುಟ್ಟಿದರೆ ಬಿಸಿ. ಎಂಜಿನ್ ಆರಿಸಿ ಆ ಜಾಗದಲ್ಲಿ ಕಪ್ಪು ಸಿಪ್ಪೆಯನ್ನು ಕತ್ತರಿಯಿಂದ ಸೀಳಿದಳು. ಕತ್ತರಿ ದರ್ಜಿಯ ಜೇಬಿನದು. ಒಳಗಿನಿಂದ ಹಸಿರು ಪುಡಿ ಉದುರಿತು. ತಾಮ್ರದ ಎಳೆಗಳಲ್ಲಿ ನಾಲ್ಕೈದು ಮಾತ್ರ ಉಳಿದಿದ್ದವು.

"ನೋಡಿ ಟೀಚರ್. ಸಣ್ಣ ಹಾಡಿಗೆ ಈ ನಾಲ್ಕು ಎಳೆ ಸಾಕು. ದೀಪ, ಡೋಲು ಎಲ್ಲ ಸೇರಿದ್ರೆ ಸಾಕಾಗಲ್ಲ. ಆಂಪ್ಲಿಫೈಯರಿಗೆ ಹತ್ತೂವರೆ ವೋಲ್ಟಿಗಿಂತ ಕಡಿಮೆ ಸಿಕ್ಕಿದ ಕೂಡ್ಲೇ ಅದು ತನ್ನನ್ನ ಕಾಪಾಡ್ಕೊಳ್ಳೋಕೆ ಬಾಗಿಲು ಹಾಕ್ಕೊಂಡುಬಿಡುತ್ತೆ."

"ಇವತ್ತಿನ ತರಗತಿ ಹೋಯ್ತು ಹಾಗಾದ್ರೆ" ಎಂದರು ಟೀಚರ್.

"ಯಾಕೆ ಹೋಗುತ್ತೆ? ಯಾರ ಕಾರಲ್ಲಾದ್ರೂ ಜಂಪರ್ ಕೇಬಲ್ ಇದೆಯಾ?"

ಬ್ಯಾಟರಿ ಸತ್ತಾಗ ಇನ್ನೊಂದು ಕಾರಿನಿಂದ ಕರೆಂಟು ಎರವಲು ತರುವ ಆ ದಪ್ಪ ಕೇಬಲ್ ಪೋಸ್ಟ್‌ಮಾಸ್ಟರ್ ತಾತನ ಕಾರಿನಲ್ಲಿ ಇತ್ತು. ನೀಟಾಗಿ ಮಡಚಿ, ಮೇಲೆ ಚೀಟಿ ಅಂಟಿಸಿ ಇಟ್ಟಿದ್ದರು. ಮೀಟರಕ್ಕ ಅದರ ಒಂದು ತುದಿಯ ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಕಾರಿನ ಮೈಯಲ್ಲಿದ್ದ ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸಿದಳು. ಆಮೇಲೆ ಕೂತಲ್ಲಿಂದಲೇ ಕೈ ಎತ್ತಿದಳು. ಟೀಚರ್ ಎಂಜಿನ್ ಚಾಲೂ ಮಾಡಿ, ಹಾಡು ಹಾಕಿ ಸೀಟಿ ಊದಿದರು.

ಡೋಲು ಬಂತು. ಕಾಲುಗಳು ಮೇಲೆದ್ದವು. ದೀಪ ಕಣ್ಣು ಮಿಟುಕಿಸಲಿಲ್ಲ. ಕಾಲುಗಳು ತಾಳಕ್ಕೆ ಸರಿಯಾಗಿ ಇಳಿದವು, ಮತ್ತೆ ಎದ್ದವು. ಮೀಟರಕ್ಕ ಮಾತ್ರ ಯಾವುದನ್ನೂ ನಂಬದೆ ಪೂರ್ತಿ ಹಾಡು ಮುಗಿಯುವ ತನಕ ಕಡ್ಡಿ ಹಿಡಿದುಕೊಂಡೇ ಇದ್ದಳು, ಎರಡನೆಯ ಹಾಡಿಗೂ, ಮೂರನೆಯ ಹಾಡಿಗೂ. ಕೊನೆಗೆ ಎದ್ದು ನಿಂತಾಗ ಮಂಡಿ ಹಿಡಿದುಕೊಂಡಿತ್ತು. "ನೀವೂ ನಮ್ಮ ಸಾಲಿಗೆ ಬರಬೇಕಾದೋರೇ" ಎಂದರು ಪೋಸ್ಟ್‌ಮಾಸ್ಟರ್ ತಾತ.

ಅಂದೇ ಮಧ್ಯಾಹ್ನ ಅವಳು ಅಂಗಡಿಯಲ್ಲಿ ಹೆಬ್ಬೆರಳು ದಪ್ಪದ ಹೊಸ ವೈರು ಹಾಕಿದಳು. ಆದರೆ ಈ ಸಲ ಅಲ್ಲಿಗೇ ಬಿಡಲಿಲ್ಲ. ಊರಿನ ನೀರಿನ ಟ್ಯಾಂಕಿನ ಹಿಂದಿನ ಬಯಲಿಗೆ ಕಾರು ತೆಗೆದುಕೊಂಡು ಹೋಗಿ, ದೀಪ, ಫ್ಯಾನು, ವೈಪರು, ಇದ್ದಬದ್ದದ್ದೆಲ್ಲ ಹಾಕಿ, ಹಾಡನ್ನು ಕಿವಿ ಕಿತ್ತುಹೋಗುವಷ್ಟು ಜೋರು ಮಾಡಿ ಅರ್ಧ ಗಂಟೆ ಅಳೆದಳು. ಟ್ಯಾಂಕಿನ ಕಾವಲುಗಾರ ಕಿವಿಗೆ ಟವೆಲ್ ಸುತ್ತಿಕೊಂಡು, "ಮದುವೇನಾ?" ಎಂದು ಕೂಗಿ ಕೇಳಿದ. "ಇಲ್ಲಪ್ಪ, ತಪಾಸಣೆ" ಎಂದು ಅವಳೂ ಕೂಗಿ ಹೇಳಿದಳು.

ಶನಿವಾರ ಶಾಲೆಯ ಬಯಲು ತುಂಬಿತ್ತು. ಮಕ್ಕಳು ನೆಲದ ಮೇಲೆ, ಅಪ್ಪ ಅಮ್ಮಂದಿರು ಹಿಂದೆ ಕುರ್ಚಿಗಳಲ್ಲಿ. ಹಳದಿ ಕಾರು ಒಂದು ಮೂಲೆಯಲ್ಲಿ ಡಿಕ್ಕಿ ತೆರೆದು ನಿಂತಿತ್ತು. ಹಿರಿಯರು ನಾಲ್ಕು ಸಾಲಿನಲ್ಲಿ ಬಂದು ನಿಂತರು. ಹಾಡು ಒಂದು ಕ್ಷಣವೂ ನಿಲ್ಲಲಿಲ್ಲ. ತಪ್ಪಿದ್ದು ಒಂದೇ: ಮೂರನೆಯ ಹಾಡಿನಲ್ಲಿ ಎಲ್ಲರೂ ಎಡಕ್ಕೆ ತಿರುಗಬೇಕಾದಾಗ ಪೋಸ್ಟ್‌ಮಾಸ್ಟರ್ ತಾತ ಬಲಕ್ಕೆ ತಿರುಗಿದರು. ಅವರು ಅಷ್ಟು ದೃಢವಾಗಿ ತಿರುಗಿದ್ದರಿಂದ ತಮ್ಮದೇ ತಪ್ಪಿರಬೇಕೆಂದು ಅವರ ಸಾಲು ಪೂರ್ತಿ ಬಲಕ್ಕೆ ತಿರುಗಿತು. ವಿರುದ್ಧ ದಿಕ್ಕಿಗೆ ತಿರುಗಿದ ಎರಡು ಸಾಲಿನವರು ಒಬ್ಬರಿಗೊಬ್ಬರು ಕೈಬೀಸಿಕೊಂಡರು. ಅದೂ ಪ್ರದರ್ಶನದ ಭಾಗವೇ ಎಂದುಕೊಂಡು ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ವರ್ಷವೂ ಹಾಗೇ ಮಾಡಬೇಕೆಂದು ಟೀಚರ್ ಅಲ್ಲೇ ತೀರ್ಮಾನಿಸಿದರು.

ಎರಡು ವಾರದ ನಂತರ ಸೌಂಡ್ ಅಂಗಡಿಯವನು ಮೀಟರಕ್ಕನ ಅಂಗಡಿಗೆ ಬಂದ. ಹೊಸ ಹುರುಪಿನ, ಮೂವತ್ತರ ಆಸುಪಾಸಿನ ಮನುಷ್ಯ. ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತ ನಿಂತ. ದರ್ಜಿ, "ಪ್ಯಾಂಟಿಗೋ ಕಾರಿಗೋ?" ಎಂದು ಕೇಳಿದ.

"ಅಕ್ಕನ ಹತ್ರ ಮಾತಾಡಬೇಕಿತ್ತು" ಎಂದ ಅವನು. "ಅಕ್ಕ, ನನ್ನ ಹತ್ರ ಒಂದು ಕಾರು ಬಂದಿದೆ. ಹಾಡು ಹಾಕಿದ್ರೆ ಕೆಡುತ್ತೆ, ನಿಲ್ಲಿಸಿದ್ರೆ ಸರಿಹೋಗುತ್ತೆ. ಡ್ರಿಲ್ ಟೀಚರ್ ಕಾರಲ್ಲಿ ನಾನು ಏನು ತಪ್ಪಿದೆ ಅಂತ ಅವರು ಹೇಳಿದ್ರು. ಸ್ವಲ್ಪ ಜೋರಾಗೇ ಹೇಳಿದ್ರು."

ಮೀಟರಕ್ಕ ನಕ್ಕು ಸ್ಟೂಲ್ ತೋರಿಸಿದಳು. "ಕೂತ್ಕೊಳ್ಳಪ್ಪ. ಮೊದಲು ನಾನು ಏನು ತಪ್ಪಿದೆ ಅಂತ ಕೇಳು. ಆಮೇಲೆ ನಿಂದು ನೋಡೋಣ."

ಮೂವತ್ತನಾಲ್ಕು ಜನ ಕಾಲೆತ್ತಿ ನಿಂತ ಕಥೆಯನ್ನು ಅವಳು ಒಂದನ್ನೂ ಬಿಡದೆ ಹೇಳಿದಳು. ತಾತ "ಇಳಿಸಬಹುದಾ ಅಮ್ಮ" ಎಂದದ್ದನ್ನು ಹೇಳುವಾಗ ಅವನು ಸ್ಟೂಲಿನಿಂದ ಜಾರುವಷ್ಟು ನಕ್ಕ. ನಕ್ಕ ಮೇಲೆ ಬಿಗುಮಾನ ಕಳೆಯಿತು. ಜೇಬಿನಿಂದ ತನ್ನ ಮೀಟರ್ ತೆಗೆದ. ಅದು ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ.

"ಇದು ಹೊಸದು. ಹಳೇದನ್ನ ನಾನು ಬ್ಯಾಟರಿಗೆ ಮಾತ್ರ ಇಟ್ಟು ನೋಡ್ತಿದ್ದೆ ಅಕ್ಕ."

"ಅದು ಮಲಗಿರೋನ ನಾಡಿ ನೋಡಿದ ಹಾಗೆ. ಓಡಿಸಿ ನೋಡಬೇಕು. ನಡಿ, ಕಾರು ತಂದಿದ್ದೀಯಲ್ಲ, ಟ್ಯಾಂಕಿನ ಹಿಂದಕ್ಕೆ ಹೋಗೋಣ. ಇಲ್ಲಿ ಬೇಡ, ಡಾಕ್ಟ್ರು ಇದ್ದಾರೆ."

ಅವನು ಕಾರು ಓಡಿಸಿದ. ಅವಳು ಪಕ್ಕದಲ್ಲಿ ಕೂತು, ಅವನ ಹೊಸ ಮೀಟರನ್ನು ಪೆಟ್ಟಿಗೆಯಿಂದ ಬಿಡಿಸಿ, ಕಡ್ಡಿಗಳಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ತೆಗೆದಳು. ನೀರಿನ ಟ್ಯಾಂಕಿನ ಬಳಿ ಕಾವಲುಗಾರ ಅವಳನ್ನು ದೂರದಿಂದಲೇ ಗುರುತಿಸಿ, ಟವೆಲ್ ಹುಡುಕಲು ಒಳಗೆ ಹೋದ.